ಒಂದು ನಿಮಿಷದ ನಾಡಿ

ಹನ್ನೊಂದು ವರ್ಷ ಕಂಡವರ ಅಪ್ಪ-ಅಮ್ಮಂದಿರನ್ನು ತೊಳೆದು, ಒರೆಸಿ, ಉಣಿಸಿ, ಮಲಗಿಸಿದ ಮೇಲೆ, ಇದೆಲ್ಲ ನಿನಗೆ ಬರುತ್ತದೆಯೇ ಎಂದು ಕೇಳುವ ಪರೀಕ್ಷೆಯೊಂದು ಆಯಮ್ಮನಿಗೆ ಬಂತು.

ಅವಳು ದುಡಿಯುವ ವೃದ್ಧರ ಆರೈಕೆ ಮನೆಯ ಮೇಲ್ವಿಚಾರಕಿ ಮೇಟ್ರನ್ ಊಟದ ಬಿಡುವಿನಲ್ಲಿ ಐದೂ ಜನ ಆಯಾಗಳನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದು, ಗೋಡೆಗೆ ಒಂದು ಕಾಗದ ಅಂಟಿಸಿದಳು. ಶುಶ್ರೂಷಾ ಸಹಾಯಕಿಯ ಪ್ರಮಾಣಪತ್ರ ಇಲ್ಲದವರು ಇನ್ನು ಎರಡು ತಿಂಗಳಾದ ಮೇಲೆ ರೋಗಿಯ ಮೈ ಮುಟ್ಟುವಂತಿಲ್ಲ ಎಂದು ಅದರಲ್ಲಿತ್ತು.

"ಮುಟ್ಟದೆ ಹೆಂಗೆ ಮೇಡಂ ಎತ್ತೋದು? ಕಣ್ಣಲ್ಲೇ ಎತ್ತೋಣವಾ?" ಎಂದಳು ಕುಳ್ಳಿ ಆಯಾ.

"ನನ್ನ ಕೇಳ್ಬೇಡಿ. ಮೇಲಿನೋರು ಕಳ್ಸಿದ್ದು. ಪಾಸಾದೋರು ಇರ್ತಾರೆ. ಆಗ್ದೋರು ಅಡುಗೆಮನೆಗೆ ಹೋಗ್ಬಹುದು, ಅಲ್ಲಿ ಜಾಗ ಇದ್ರೆ."

ಅಲ್ಲಿ ಜಾಗವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೇಟ್ರನ್ನಿಗೂ ಗೊತ್ತಿತ್ತು.

ಆಯಮ್ಮ ಓದಿದ್ದು ಮೂರನೇ ಕ್ಲಾಸು. ಅಂಗಡಿ ಬೋರ್ಡು ಓದುತ್ತಿದ್ದಳು, ಸಹಿ ಮಾಡುತ್ತಿದ್ದಳು. ನೂರು ಇನ್ನೂರರ ಲೆಕ್ಕ ಬಾಯಲ್ಲೇ ಇತ್ತು. ಆದರೆ ಪೆನ್ನು ಹಿಡಿದವರು ಎದುರಿಗೆ ಬಂದು ಕೂತರೆ ನಾಲಿಗೆ ಅಂಗುಳಿಗೆ ಅಂಟಿಬಿಡುತ್ತಿತ್ತು. ಅವತ್ತು ಮನೆಗೆ ಬಂದವಳು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

"ಏನಿದು, ಸಮುದ್ರ ಬೇಯಿಸಿದೀಯಾ?" ಎಂದು ಅತ್ತೆ ತಟ್ಟೆ ದೂಡಿದಳು.

ಆಯಮ್ಮ ವಿಷಯ ಹೇಳಿದಳು. ಮಾತ್ರೆಗಳ ಗೋದಾಮಿನಲ್ಲಿ ಡಬ್ಬ ಕಟ್ಟುವ ಕೆಲಸಕ್ಕಿದ್ದ ಮಗಳಿಗೆ ಕೆಂಡ ತುಳಿದಂತಾಯಿತು. "ಹನ್ನೊಂದು ವರ್ಷ ಮಾಡಿದ ಕೆಲ್ಸಕ್ಕೆ ಕಾಗದ ಬೇಕಾ? ಆ ಮೇಟ್ರನ್ ಒಂದೇ ಒಂದು ಸಲ ಒಬ್ಬ ಮುದುಕನ್ನ ಮಗ್ಗುಲು ಹೊರಳಿಸಿ ತೋರಿಸ್ಲಿ, ಆಮೇಲೆ ಮಾತಾಡೋಣ!"

"ಕೂಗಾಡಿದ್ರೆ ಕಾಗದ ಕೊಡ್ತಾರಾ?" ಎಂದ ಡ್ರೈವರು. ಅವನು ಆಯಮ್ಮನ ಗಂಡ. ಸಿಟಿ ಬಸ್ಸು ಓಡಿಸುತ್ತಿದ್ದುದರಿಂದ ಬೀದಿಯವರಿಗೂ ಡ್ರೈವರು, ಹೆತ್ತ ತಾಯಿಗೂ ಡ್ರೈವರು. "ಫೋನ್ ತೆಗಿ. ಅರ್ಜಿ ತುಂಬು."

ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ನಾಲ್ವರೂ ಒಂದು ಫೋನಿನ ಸುತ್ತ ಕೂತರು. ಆಯಮ್ಮನ ಫೋಟೋ ಮೂರು ಸಲ ತಿರಸ್ಕಾರವಾಯಿತು. ಮೊದಲು ನೆರಳು ಬಿತ್ತು, ಆಮೇಲೆ ಕಿವಿ ಕಾಣಲಿಲ್ಲ. ಮೂರನೆಯದರಲ್ಲಿ ಅವಳು ಹೆದರಿ ಕಣ್ಣು ಮುಚ್ಚಿದ್ದಳು. ನಾಲ್ಕನೆಯದನ್ನು ಅರ್ಜಿ ನುಂಗಿತು. ಬರೆಯಲು ಬಾರದವರು ಕಿವಿಗೆ ಯಂತ್ರ ಹಾಕಿಕೊಂಡು ಪ್ರಶ್ನೆ ಕೇಳಿ, ಉತ್ತರದ ಗುಂಡಿ ಒತ್ತಬಹುದು ಎಂದಿತ್ತು. ಆಯಮ್ಮನಿಗೆ ಅರ್ಧ ಜೀವ ಬಂತು.

"ಇಲ್ನೋಡು," ಎಂದಳು ಮಗಳು. "ಕೈಕೆಲಸದ ಪರೀಕ್ಷೆಗೆ ರೋಗೀನ ನಾವೇ ಕರ್ಕೊಂಡು ಹೋಗ್ಬೇಕಂತೆ. ನಿಜವಾದ ರೋಗಿ ಅಲ್ಲ, ರೋಗಿ ಥರ ಮಲಗೋರು."

"ಪರೀಕ್ಷೆಗೆ ಪೆನ್ನು ತಗೊಂಡು ಹೋಗೋದು ಕೇಳಿದ್ದೆ. ರೋಗೀನ ಹೊತ್ಕೊಂಡು ಹೋಗೋದು ಈಗ್ಲೇ ಕೇಳಿದ್ದು," ಎಂದು ಡ್ರೈವರು ನಕ್ಕ.

ರೋಗಿಗೆ ಅರವತ್ತು ದಾಟಿರಬಾರದು. ಹಾಗಾಗಿ ಅತ್ತೆ ಲೆಕ್ಕದಿಂದ ಹೊರಗಾದಳು. ಪರೀಕ್ಷೆ ಮಂಗಳವಾರ ಬೆಳಿಗ್ಗೆ. ಗೋದಾಮಿನಲ್ಲಿ ರಜೆ ಕೇಳಿದರೆ ಮನೆಗೇ ಕಳಿಸುತ್ತಾರೆ, ಹಾಗಾಗಿ ಮಗಳೂ ಹೊರಗಾದಳು. ಡ್ರೈವರಿಗೆ ಆ ಎರಡು ತಿಂಗಳು ಮಧ್ಯಾಹ್ನ ಎರಡರ ಪಾಳಿ, ಬೆಳಿಗ್ಗೆ ಬಿಡುವು.

"ನಾನೇ ಮಲಗ್ತೀನಿ ಬಿಡು. ಮಲಗೋ ಕೆಲ್ಸಕ್ಕೆ ಯಾವ ಪರೀಕ್ಷೆ ಇಟ್ರೂ ನಾನೇ ಫಸ್ಟು," ಎಂದ.

ಮಗಳು ಅಪ್ಪನ ಹೆಸರು, ಗುರುತಿನ ಚೀಟಿಯ ಸಂಖ್ಯೆ ತುಂಬಿದಳು. ಒಮ್ಮೆ ಕಳಿಸಿದ ಮೇಲೆ ಬದಲಾಯಿಸಲಾಗದು ಎಂದು ಕೆಂಪು ಅಕ್ಷರದಲ್ಲಿ ಬಂತು. ಮಗಳು ಒತ್ತಿಬಿಟ್ಟಳು.

ಮಾರನೇ ದಿನದಿಂದ ನಡುಮನೆಯ ಮಂಚ ಆಸ್ಪತ್ರೆಯಾಯಿತು. ಬೆಳಿಗ್ಗೆ ಚಹಾ ಕುಡಿದು ಡ್ರೈವರು ಮಲಗುತ್ತಿದ್ದ. ಮಗಳು ಗೋದಾಮಿಗೆ ಹೊರಡುವ ಮೊದಲು ಅರ್ಧ ಗಂಟೆ ಕೈಪಿಡಿ ಹಿಡಿದು ಪರೀಕ್ಷಕಿಯಾಗುತ್ತಿದ್ದಳು. ಕೈ ತೊಳೆಯುವುದು, ಹೆಸರು ಹೇಳಿಕೊಳ್ಳುವುದು, ಮುಟ್ಟಲೇ ಎಂದು ಕೇಳುವುದು, ಮಗ್ಗುಲು ಹೊರಳಿಸುವುದು, ಮಲಗಿದವರ ಕೆಳಗಿನ ಹಾಸು ಬದಲಿಸುವುದು.

"ಅಮ್ಮಾ, ಹೇಳ್ದೆ ಮುಟ್ಬಿಟ್ಟೆ. ಫೇಲು."

"ನಿಮ್ಮಪ್ಪನ್ನ ಮುಟ್ಟೋಕೆ ಅಪ್ಪಣೆ ಬೇಕೇನೇ?"

"ಅಲ್ಲಿ ಅವ್ರು ನಿನ್ನ ಗಂಡ ಅಲ್ಲ, ರೋಗಿ."

"ಇಪ್ಪತ್ತಮೂರು ವರ್ಷದಲ್ಲಿ ಒಂದಿನಾನೂ ನನ್ನ ಅಪ್ಪಣೆ ಕೇಳಿಲ್ಲ ಇವ್ಳು," ಎಂದು ಮಂಚದಿಂದ ಡ್ರೈವರು ದೂರು ಕೊಟ್ಟ. "ಹೊರಳಿಸೋವಾಗ ನಿಧಾನ ಕಣೆ. ಕ್ಲಚ್ ಒತ್ತದೆ ಗೇರ್ ಹಾಕ್ಬೇಡ."

ಇಷ್ಟೆಲ್ಲ ನಗುವಿನಲ್ಲೇ ನಡೆಯಿತು. ನಾಡಿಯ ಪಾಠ ಬಂದಾಗ ನಗು ನಿಂತಿತು.

ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ಪೂರ್ತಿ ನಿಮಿಷ ಎಣಿಸಬೇಕು. ಪರೀಕ್ಷಕಿ ಇನ್ನೊಂದು ಕೈ ಹಿಡಿದು ತಾನೂ ಎಣಿಸುತ್ತಾಳೆ. ಇಬ್ಬರ ಎಣಿಕೆಗೆ ನಾಲ್ಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಕೆಲಸ ಹೋಯಿತು, ಅದರ ಜೊತೆ ಪರೀಕ್ಷೆಯೂ ಹೋಯಿತು. ಆಯಮ್ಮ ಎಣಿಸಿದಳು. ಮೊದಲ ಸಲ ತೊಂಬತ್ತೊಂದು. ಎರಡನೇ ಸಲ ನೂರಾ ಎಂಟು. ಮೂರನೇ ಸಲ ಎಪ್ಪತ್ತರ ಹತ್ತಿರ ಎಲ್ಲೋ ಜಾರಿಹೋಯಿತು.

"ನಿಂಗೆ ಎಣಿಸೋಕೇ ಬರ್ತಿಲ್ಲ," ಎಂದಳು ಮಗಳು.

ಆಯಮ್ಮನಿಗೂ ಹಾಗೇ ಅನಿಸಿತು. ಮೂರನೇ ಕ್ಲಾಸಿನ ತಲೆ ಎಂದುಕೊಂಡಳು. ಮಗಳ ಕೈ ಹಿಡಿದಳು: ಎಪ್ಪತ್ತೆಂಟು. ಫೋನಿನ ಗಡಿಯಾರ ನೋಡಿಕೊಂಡು ಮಗಳೇ ಎಣಿಸಿಕೊಂಡಾಗಲೂ ಎಪ್ಪತ್ತೆಂಟು. ಅತ್ತೆಯ ಒಣಕಟ್ಟಿಗೆಯಂಥ ಕೈ ಹಿಡಿದಳು: ಎಂಬತ್ತು. ಮಗಳಿಗೂ ಎಂಬತ್ತು. ಮತ್ತೆ ಗಂಡನ ಕೈಗೆ ಬಂದಳು.

ಎರಡು ಬಡಿತ ಸರಿಯಾಗಿ ಬಂದವು. ಒಂದು ಬರಲೇ ಇಲ್ಲ. ಆಮೇಲೆ ಮೂರು ಒಂದರ ಹಿಂದೊಂದು, ಬೆನ್ನಟ್ಟಿಸಿಕೊಂಡು ಓಡಿಬರುವವರ ಹಾಗೆ ಬಂದವು. ಮತ್ತೆ ಮೌನ. ತಪ್ಪು ಎಣಿಕೆಯದಲ್ಲ, ನಾಡಿಯದು. ಇಂಥ ನಾಡಿಯನ್ನು ಅವಳು ಮೊದಲು ಹಿಡಿದಿದ್ದಳು. ಆರೈಕೆ ಮನೆಯಲ್ಲಿ ಆರನೇ ಹಾಸಿಗೆಯ ಮೇಷ್ಟ್ರು ನಡೆಯುವಾಗ ಅವಳ ಕೈ ಹಿಡಿದುಕೊಳ್ಳುತ್ತಿದ್ದರು. ಅವರ ಮಣಿಕಟ್ಟೂ ಹೀಗೇ ಎಡವುತ್ತಿತ್ತು. ಒಂದು ಬೆಳಿಗ್ಗೆ ಲೋಟ ಎತ್ತಿದವರು ಎತ್ತಿದ ಹಾಗೇ ಕೂತರು, ಬಾಯಿ ಒಂದು ಕಡೆಗೆ ವಾಲಿತು, ಚಹಾ ಎದೆಯ ಮೇಲೆ ಸುರಿಯಿತು.

"ಎಷ್ಟು ಬಂತು?" ಎಂದ ಡ್ರೈವರು.

"ಸರಿಯಾಗಿ ಸಿಗ್ಲಿಲ್ಲ," ಎಂದಳು ಆಯಮ್ಮ.

ಮಗಳು ಹೋದ ಮೇಲೆ, ಅತ್ತೆ ಬಟ್ಟೆ ಹರವಲು ಮಹಡಿ ಹತ್ತಿದ ಮೇಲೆ, ಅವಳು ಗಂಡನ ಎದುರು ಸ್ಟೂಲು ಎಳೆದು ಕೂತಳು. ಅವನು ಈರುಳ್ಳಿ ಹೆಚ್ಚುತ್ತಿದ್ದ.

"ನಿಮಗೆ ತಲೆ ಸುತ್ತುತ್ತಾ?"

"ನಿನ್ನ ಮುಖ ನೋಡ್ದಾಗೆಲ್ಲ."

"ತಮಾಷೆ ಬೇಡ. ಎದೆ ಹೊಡ್ಕೊಳ್ಳುತ್ತಾ?"

ಡ್ರೈವರು ಚಾಕು ಕೆಳಗಿಟ್ಟ. ಬಾಗಿಲ ಕಡೆ ನೋಡಿದ. "ಒಂದು ಸಲ," ಎಂದ. "ಹೋದ ತಿಂಗಳು. ನೀರಿನ ಟ್ಯಾಂಕಿನ ತಿರುವಲ್ಲಿ ಕಣ್ಣು ಕತ್ತಲೆ ಬಂತು. ಒಂದು ಕ್ಷಣ, ಅಷ್ಟೆ. ಕಾಲು ಬ್ರೇಕ್ ಮೇಲೇ ಇತ್ತು. ಸ್ಟಾಪಲ್ಲೇ ನಿಂತಿತ್ತು ಬಸ್ಸು."

"ಜನ?"

"ಇಳೀತಿದ್ರು. ಯಾರಿಗೂ ಗೊತ್ತಾಗ್ಲಿಲ್ಲ. ನೀನೂ ಬಾಯಿ ಬಿಡ್ಬೇಡ. ಡಾಕ್ಟ್ರ ಹತ್ರ ಹೋದ್ರೆ ಚೀಟಿ ಬರೀತಾನೆ, ಚೀಟಿ ಡಿಪೋಗೆ ಹೋಗುತ್ತೆ, ಸ್ಟೀರಿಂಗ್ ಕೈಯಿಂದ ಹೋಗುತ್ತೆ. ಐವತ್ತೆರಡರ ವಯಸ್ಸಲ್ಲಿ ನಂಗೆ ಬೇರೆ ಏನು ಬರುತ್ತೆ ಹೇಳು? ಇತ್ತ ನಿನ್ನ ಕೆಲ್ಸವೂ ಹಗ್ಗದ ಮೇಲಿದೆ."

"ಡಿಪೋದಲ್ಲಿ ವರ್ಷ ವರ್ಷ ಪರೀಕ್ಷೆ ಮಾಡ್ತಾರಲ್ಲ?"

ಡ್ರೈವರು ನಕ್ಕ. "ಆ ಡಾಕ್ಟ್ರು ನನ್ನ ಕೈ ಮುಟ್ಟಿದ್ದೇ ಇಲ್ಲ. ಸಾಲಲ್ಲಿ ನಿಂತ ನಲವತ್ತು ಜನಕ್ಕೂ ಎಪ್ಪತ್ತೆರಡು ಅಂತ ಬರೀತಾನೆ. ನಾವೇನು ಒಂದೇ ಕಾರ್ಖಾನೆ ಗಡಿಯಾರಗಳಾ? ನೀನೂ ಅದ್ನೇ ಬರಿ. ಅಲ್ಲಿ ನಿನ್ನ ಎದುರು ಕೂರೋಳು ಕೂಡ ಪೂರ್ತಿ ಎಣಿಸಲ್ಲ, ನೋಡ್ತಿರು. ಓದಿದೋರಿಗೆ ಅಷ್ಟು ಪುರುಸೊತ್ತು ಇರಲ್ಲ."

"ಪರೀಕ್ಷೆ ಆದ್ಮೇಲಾದ್ರೂ ತೋರಿಸ್ತೀರಾ?"

"ಆಯ್ತು, ಆಯ್ತು."

ಡ್ರೈವರು ಒಂದು ಸಲ ಆಯ್ತು ಎಂದರೆ ಹೂಂ, ಎರಡು ಸಲ ಎಂದರೆ ಇಲ್ಲ. ಇಪ್ಪತ್ತಮೂರು ವರ್ಷದಲ್ಲಿ ಆಯಮ್ಮ ಕಲಿತ ವ್ಯಾಕರಣ ಅದು.

ರೋಗಿಯನ್ನು ಬದಲಾಯಿಸಲು ಆಗುತ್ತದೆಯೇ ಎಂದು ಮಗಳ ಕೈಲಿ ಎರಡು ಸಲ ಫೋನು ಮಾಡಿಸಿದಳು. ಒಂದು ಸಲ ಯಂತ್ರ ಮಾತಾಡಿತು. ಇನ್ನೊಂದು ಸಲ ಮನುಷ್ಯ ಸಿಕ್ಕಿದ, ಅವನೂ ಯಂತ್ರದ ಹಾಗೇ ಮಾತಾಡಿದ. ಆಗುವುದಿಲ್ಲ.

ಮೂರನೇ ವಾರ ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಅವಳು ಬೇಕೆಂದೇ ಎರಡು ಬಸ್ಸು ಬಿಟ್ಟು ಗಂಡನ ಬಸ್ಸು ಹತ್ತಿದಳು. ಅವನ ಸೀಟಿನ ಹಿಂದೆ ಕಂಬ ಹಿಡಿದು ನಿಂತಳು. ಕನ್ನಡಿಯಲ್ಲಿ ಅವನು ಅವಳನ್ನು ಕಂಡು ಹುಬ್ಬು ಹಾರಿಸಿದ. ಅವಳಿಗೆ ನಗು ಬರಲಿಲ್ಲ. ತಲೆ ಎಣಿಸಿದಳು. ಕೂತವರು, ನಿಂತವರು, ತೊಡೆ ಮೇಲಿನ ಮಕ್ಕಳು ಸೇರಿ ಐವತ್ತೊಂದು. ಈ ಐವತ್ತೊಂದು ಜನರಲ್ಲಿ ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂದು ನೆನೆದು ಎರಡೂ ಕೈಯಲ್ಲಿ ಕಂಬ ಹಿಡಿದಳು. ನೀರಿನ ಟ್ಯಾಂಕಿನ ತಿರುವು ಬಂತು. ಡ್ರೈವರು ಎಡಗೈ ಸ್ಟೀರಿಂಗಿನಿಂದ ತೆಗೆದು ಎದೆ ಉಜ್ಜಿಕೊಂಡ. ಬ್ರೇಕು ಒಂದು ಕ್ಷಣ ತಡವಾಗಿ ಬಿತ್ತು. ಚೀಲ ಹಿಡಿದ ಹೆಂಗಸೊಬ್ಬಳು ಮುಗ್ಗರಿಸಿ, "ದನ ತುಂಬಿದೀಯೇನಪ್ಪಾ?" ಎಂದು ರೇಗಿದಳು. ಎಲ್ಲರೂ ನಕ್ಕರು. ಆಯಮ್ಮ ತನ್ನ ಸ್ಟಾಪಿಗಿಂತ ಎರಡು ಸ್ಟಾಪು ಮೊದಲೇ ಇಳಿದುಬಿಟ್ಟಳು. ಇಳಿದ ಮೇಲೆ, ಒಳಗಿದ್ದವರನ್ನು ಬಿಟ್ಟು ತಾನೊಬ್ಬಳೇ ಇಳಿದೆನಲ್ಲ ಎಂದು ಫುಟ್‌ಪಾತಿನಲ್ಲಿ ನಿಂತು ಬಸ್ಸು ಮರೆಯಾಗುವ ತನಕ ನೋಡಿದಳು.

ಅವತ್ತು ಅವಳು ಬಾಯಿ ಬಿಟ್ಟಳು. ರಾತ್ರಿ ಡ್ರೈವರು ಬಂದು ಊಟಕ್ಕೆ ಕೂತಾಗ, ಎಲ್ಲರೆದುರು.

"ಇವ್ರ ನಾಡಿ ಸರಿ ಇಲ್ಲ. ನಾಳೆ ಡಾಕ್ಟ್ರಿಗೆ ತೋರಿಸ್ಬೇಕು."

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಬಿಡ್ತು ಅನ್ನು! ದಿನಾ ಬೆಳಗಾದ್ರೆ ನನ್ನ ಮಗನ್ನ ರೋಗಿ, ರೋಗಿ ಅಂತ ಮಂಚದ ಮೇಲೆ ಮಲಗಿಸಿ, ಈಗ ನಿಜವಾಗ್ಲೂ ರೋಗಿ ಮಾಡ್ತೀಯಾ? ನಿನ್ನ ಕಾಗದಕ್ಕೆ ನನ್ನ ಮಗನೇ ಬೇಕಾಗಿತ್ತಾ?"

"ಅಜ್ಜಿ, ಮಲಗಿಸಿದ್ರೆ ಯಾರಿಗೂ ರೋಗ ಬರಲ್ಲ," ಎಂದಳು ಮಗಳು.

"ನೀನು ಸುಮ್ನಿರು, ಡಬ್ಬ ಕಟ್ಟೋಳೆ! ಡಬ್ಬದಲ್ಲಿರೋ ಮಾತ್ರೆ ನೀನೇ ಮಾಡ್ದಂಗೆ ಆಡ್ತೀಯ."

"ಅಪ್ಪಾ, ಅಮ್ಮ ಹೇಳ್ತಿರೋದು ನಿಜವಾ?"

ಡ್ರೈವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿಮ್ಮಮ್ಮಂಗೆ ಎಣಿಸೋಕೆ ಬರಲ್ಲ ಅಂತ ನೀನೇ ಹೇಳ್ತಿದ್ದೆ. ಮೂರನೇ ಕ್ಲಾಸು ಓದಿದೋಳು ಮೂರು ವಾರದಲ್ಲಿ ಡಾಕ್ಟ್ರಾದ್ಳು. ಇನ್ನು ಯಾರೂ ಈ ಮಾತು ಎತ್ಬೇಡಿ."

ಅವನು ಎದ್ದು ಕೈ ತೊಳೆದ. ಮೂರನೇ ಕ್ಲಾಸು ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಆಯಮ್ಮನಿಗೆ ಅದು ಚುಚ್ಚಿತು. ಆದರೆ ಅದನ್ನು ಹೇಳುವಾಗ ಅವನ ತುಟಿ ಬಣ್ಣಗೆಟ್ಟಿದ್ದು ಅದಕ್ಕಿಂತ ಆಳಕ್ಕೆ ಇಳಿಯಿತು. ಮುಂದಿನ ಎರಡು ವಾರ ಅವನು ಹಾಸು ಬದಲಿಸಲು ಮಲಗಿದ, ತಿನ್ನಿಸಲು ಬಾಯಿ ತೆರೆದ. ಮಣಿಕಟ್ಟು ಮಾತ್ರ ಕೊಡಲಿಲ್ಲ.

ಪರೀಕ್ಷೆಯ ಕೇಂದ್ರ ಒಂದು ದೊಡ್ಡ ಆಸ್ಪತ್ರೆಯ ಹಿಂಬದಿಯಲ್ಲಿತ್ತು. ಬಾಗಿಲಲ್ಲಿ ಕಾವಲುಗಾರ ಗುರುತಿನ ಚೀಟಿಗೂ ಮುಖಕ್ಕೂ ತಾಳೆ ಹಾಕಿದ, ಕಳ್ಳಿಯನ್ನು ನೋಡುವ ಹಾಗೆ. ಫೋನು, ಗಡಿಯಾರ, ಉಂಗುರ, ಎಲ್ಲ ಒಂದು ತಟ್ಟೆಗೆ. ಕಿವಿಗೆ ಹಾಕಿಕೊಂಡು ಕೇಳುವ ಪರೀಕ್ಷೆ ಒಂದೂವರೆ ಗಂಟೆ ನಡೆಯಿತು. ಹಾಸಿಗೆ ಹುಣ್ಣು ಎಲ್ಲಿ ಮೊದಲು ಕಾಣುತ್ತದೆ, ನುಂಗಲಾರದವರಿಗೆ ನೀರು ಹೇಗೆ ಕೊಡಬೇಕು. ಇವು ಪ್ರಶ್ನೆಗಳೇ? ಇವು ಅವಳ ಸೋಮವಾರ, ಮಂಗಳವಾರಗಳು. ಕುಳ್ಳಿ ಆಯಾ ಹೊರಗೆ ಬಂದು ಅತ್ತಳು. ಕಿವಿಯ ಯಂತ್ರ ಅರ್ಧದಲ್ಲಿ ಕೆಟ್ಟು, ಕೈ ಎತ್ತಲು ಹೆದರಿ, ಹಾಗೇ ಕೂತುಬಿಟ್ಟಿದ್ದಳಂತೆ. ಆಯಮ್ಮ ಸೆರಗಿನಲ್ಲಿ ಅವಳ ಕಣ್ಣು ಒರೆಸಿದಳು.

ಆಮೇಲೆ ಕೈಕೆಲಸ. ಉದ್ದನೆಯ ಕೋಣೆ, ಪರದೆ, ಒಂದು ಹಾಸಿಗೆ, ಅದರ ಮೇಲೆ ಡ್ರೈವರು. ಪರೀಕ್ಷಕಿ ಕನ್ನಡಕದ ಹಿರಿಯ ನರ್ಸು. ಆ ದಿನ ಅವಳಿಗೆ ಆಯಮ್ಮ ಹದಿನೇಳನೆಯವಳು. ಕಂಪ್ಯೂಟರು ನಾಲ್ಕು ಕೆಲಸ ಆರಿಸಿ ಕೊಡುತ್ತದೆ. ಕೈ ತೊಳೆಯುವುದು. ಮಗ್ಗುಲು ಹೊರಳಿಸುವುದು. ಹಾಸು ಬದಲಿಸುವುದು. ನಾಲ್ಕನೆಯದನ್ನು ಪರೀಕ್ಷಕಿ ಓದಿ ಹೇಳಿದಾಗ ಆಯಮ್ಮ ಗಂಡನ ಕಡೆ ತಿರುಗಿದಳು. ನಾಡಿ.

ಮೊದಲ ಮೂರನ್ನು ಅವಳ ಕೈಗಳೇ ಮಾಡಿ ಮುಗಿಸಿದವು. ಹೆಸರು ಹೇಳಿದಳು, ಅಪ್ಪಣೆ ಕೇಳಿದಳು. "ಮುಟ್ಟಬಹುದು ಸಿಸ್ಟರ್," ಎಂದು ಡ್ರೈವರು ಗಂಭೀರವಾಗಿ ಹೇಳಿದ.

ನಾಲ್ಕನೆಯದಕ್ಕೆ ಪರೀಕ್ಷಕಿ ಆ ಕಡೆ ಸ್ಟೂಲಿನಲ್ಲಿ ಕೂತು ಅವನ ಬಲಗೈ ಹಿಡಿದಳು. ಆಯಮ್ಮ ಎಡಗೈ ಹಿಡಿದಳು. ಗೋಡೆ ಗಡಿಯಾರದ ಕೆಂಪು ಮುಳ್ಳು ಹನ್ನೆರಡಕ್ಕೆ ಬಂತು.

"ಶುರು."

ಎಪ್ಪತ್ತೆರಡು ಎಂದು ಡ್ರೈವರು ಕಣ್ಣಲ್ಲೇ ಅವಳಿಗೆ ಹೇಳುತ್ತಿದ್ದ. ಅವಳು ಅವನ ಕಣ್ಣು ನೋಡಲಿಲ್ಲ, ಮುಳ್ಳು ನೋಡಿದಳು. ಬೆರಳ ಕೆಳಗೆ ಅದು ಎಡವಿತು, ಓಡಿತು, ನಿಂತಿತು. ಮನೆಯಲ್ಲಿದ್ದುದಕ್ಕಿಂತ ಕೆಟ್ಟದಾಗಿತ್ತು. ಮುಳ್ಳು ಮೂರು ದಾಟಿತು. ಹದಿನೈದು ಸೆಕೆಂಡು. ಪರೀಕ್ಷಕಿ ಬೆರಳು ತೆಗೆದು, ತುಟಿಯಲ್ಲೇ ನಾಲ್ಕರಿಂದ ಗುಣಿಸಿ, ಹಾಳೆಯ ಮೇಲೆ ಏನೋ ಬರೆದು, ಹದಿನೆಂಟನೆಯವಳ ಚೀಟಿ ಹುಡುಕತೊಡಗಿದಳು. ಡ್ರೈವರು ಹೇಳಿದಂತೆಯೇ ಆಯಿತು. ಆಯಮ್ಮ ಎಣಿಸುತ್ತಲೇ ಇದ್ದಳು. ಐವತ್ತು. ಎಪ್ಪತ್ತು. ತೊಂಬತ್ತು. ಮುಳ್ಳು ಮೇಲೆ ಬಂದಾಗ ನೂರಾ ಹದಿನಾಲ್ಕು.

"ಬರೀರಿ," ಎಂದಳು ಪರೀಕ್ಷಕಿ.

ಪರೀಕ್ಷಕಿಯ ಹಾಳೆ ತಲೆಕೆಳಗಾಗಿ ಕಾಣುತ್ತಿತ್ತು. ಅಂಕಿ ಓದಲು ಮೂರನೇ ಕ್ಲಾಸು ಸಾಕು. ಎಪ್ಪತ್ತಾರು. ಎಪ್ಪತ್ತೆರಡು ಎಂದು ಬರೆದರೆ ಸರಿಯಾಗಿ ನಾಲ್ಕರ ವ್ಯತ್ಯಾಸ: ಪಾಸು. ಅವಳ ಕೆಲಸ ಉಳಿಯುತ್ತದೆ, ಅವನ ಸ್ಟೀರಿಂಗೂ ಉಳಿಯುತ್ತದೆ, ಎರಡಕ್ಕೆ ಬಸ್ಸು ಹೊರಡುತ್ತದೆ. ನೂರಾ ಹದಿನಾಲ್ಕು ಬರೆದರೆ ಫೇಲು, ಎಣಿಸಲು ಬಾರದವಳು ಎಂಬ ಮೊಹರು.

ಆಯಮ್ಮ ಪೆನ್ನು ಎತ್ತಿಕೊಂಡಳು. ಡ್ರೈವರು ಮೆಲ್ಲಗೆ ಕೆಮ್ಮಿದ. ಆಯಮ್ಮ ಒಂದು ಬರೆದಳು, ಇನ್ನೊಂದು ಒಂದು ಬರೆದಳು, ನಾಲ್ಕು ಬರೆದಳು.

ಪರೀಕ್ಷಕಿ ನೋಡಿ ಕನ್ನಡಕ ಕೆಳಗಿಳಿಸಿದಳು. "ಎಲ್ಲಾ ಚೆನ್ನಾಗ್ ಮಾಡಿ ಕೊನೇಗ್ ಕೆಡಿಸ್ಕೊಂಡ್ರಲ್ಲಮ್ಮಾ."

"ಇನ್ನೊಂದು ಸಲ ಎಣ್ಸಿ ಮೇಡಂ," ಎಂದಳು ಆಯಮ್ಮ. ದನಿ ಅವಳದೇ ಎಂದು ಅವಳಿಗೆ ಅನಿಸಲಿಲ್ಲ. "ಪೂರ್ತಿ ನಿಮಿಷ ಎಣ್ಸಿ. ನೀವು ಕಾಲು ನಿಮಿಷ ಮಾತ್ರ ಎಣ್ಸಿದ್ರಿ."

ಪರೀಕ್ಷಕಿ ಪೆನ್ನು ಕೆಳಗಿಟ್ಟಳು.

"ಏನಂದ್ರಿ?"

"ಇವ್ಳಿಗೆ ಎಣಿಸೋಕೆ ಬರಲ್ಲ ಮೇಡಂ, ಬಿಡಿ," ಎಂದು ಡ್ರೈವರು ಎದ್ದು ಕೂತ. "ಹೆದರ್ಕೊಂಡವ್ಳೆ."

"ಹೆದರಿದೀನಿ," ಎಂದಳು ಆಯಮ್ಮ. "ಫೇಲ್ ಬೇಕಾದ್ರೆ ಮಾಡಿ. ಎಣ್ಸಿ ಮಾಡಿ."

ಪರೀಕ್ಷಕಿಯ ಮುಖ ಕೆಂಪೇರಿತು. ಈಗ ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ ಎಂದು ಆಯಮ್ಮ ಸೆರಗು ಬಿಗಿಹಿಡಿದಳು. ಆದರೆ ಆಕೆ ಸಿಟ್ಟಿನಲ್ಲೇ ಅವನ ಕೈ ಎಳೆದುಕೊಂಡು ಬೆರಳಿಟ್ಟಳು, ತಪ್ಪು ಸಾಬೀತು ಮಾಡಿಯೇ ತೀರುವವಳಂತೆ. ಹತ್ತು ಸೆಕೆಂಡಿಗೆ ಸಿಟ್ಟು ಇಳಿಯಿತು. ಇಪ್ಪತ್ತಕ್ಕೆ ಸ್ಟೂಲು ಹತ್ತಿರ ಎಳೆದಳು. ನಿಮಿಷ ಮುಗಿದ ಮೇಲೂ ಬೆರಳು ತೆಗೆಯಲಿಲ್ಲ.

"ಎಷ್ಟು ದಿನದಿಂದ ಹೀಗಿದೆ?"

ಡ್ರೈವರು ಕೈ ಬಿಡಿಸಿಕೊಳ್ಳಲು ನೋಡಿದ.

"ಏನು ಕೆಲ್ಸ ಮಾಡ್ತೀರಿ?"

"ಅಲ್ಲಿ ಇಲ್ಲಿ... ಸಣ್ಣಪುಟ್ಟ..."

ನಿಜ ಹೇಳಿದರೆ ಮನೆಯಲ್ಲಿ ಯಾರೂ ತನ್ನ ಮುಖ ನೋಡಲಾರರು ಎಂದು ಆಯಮ್ಮನಿಗೆ ಗೊತ್ತಿತ್ತು.

"ಬಸ್ಸು ಓಡಿಸ್ತಾರೆ," ಎಂದಳು. "ಎರಡು ಗಂಟೆಗೆ ಪಾಳಿ ಇದೆ."

ಡ್ರೈವರು ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ, ಬೀದಿಯಲ್ಲಿ ಅಪರಿಚಿತಳೊಬ್ಬಳು ಅವನ ಜೇಬಿಗೆ ಕೈ ಹಾಕಿದಂತಿತ್ತು.

ಪರೀಕ್ಷಕಿ ತನ್ನ ಹಾಳೆಯ ಎಪ್ಪತ್ತಾರನ್ನು ಹೊಡೆದು ಹಾಕಿ, ಪಕ್ಕದಲ್ಲಿ ನೂರಾ ಹನ್ನೆರಡು ಬರೆದಳು. ತಪ್ಪಾಯಿತು ಎನ್ನಲಿಲ್ಲ. ಅಂಥವರು ಅನ್ನುವುದಿಲ್ಲ. ಒಂದು ಚೀಟಿ ಗೀಚಿ, ಗಾಲಿಕುರ್ಚಿ ತರಿಸಿ, "ನಡೀಬೇಡಿ, ಇದ್ರಲ್ಲಿ ಕೂತ್ಕೊಳ್ಳಿ," ಎಂದಳು.

"ಇಲ್ಲಿಗೆ ನಡ್ಕೊಂಡೇ ಬಂದಿದ್ದೆ," ಎಂದ ಡ್ರೈವರು. ಅವನ ದನಿಯಲ್ಲಿ ಜಗಳವಿರಲಿಲ್ಲ. ಮಗುವಿನ ದನಿಯಂತಿತ್ತು. ಅದನ್ನು ಕೇಳಿ ಆಯಮ್ಮನಿಗೆ ಜಗಳಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಆಸ್ಪತ್ರೆಯ ಮುಂಬದಿಯಲ್ಲಿ ಅವನನ್ನು ಒಂದು ಬಾಗಿಲೊಳಗೆ ತಳ್ಳಿಕೊಂಡು ಹೋದರು. ಅಂಗಿ, ಶೂ, ಫೋನು ಹೊರಗೆ ಬಂದವು. ಆಯಮ್ಮ ಬೆಂಚಿನಲ್ಲಿ ಕೂತು ಅವನ್ನು ತೊಡೆಯ ಮೇಲಿಟ್ಟುಕೊಂಡಳು. ಕೇಂದ್ರದ ಬಾಗಿಲಲ್ಲಿ ವಾಪಸು ಪಡೆದಿದ್ದ ಅವಳ ಫೋನು ಹೊಡೆಯಿತು. ಮಗಳು.

"ಅಮ್ಮಾ! ಪಾಸು! ಈಗ ನನ್ನ ಫೋನಿಗೆ ಬಂತು! ಎಲ್ಲಾದ್ರಲ್ಲೂ! ಹಲೋ? ಕೇಳಿಸ್ತಾ? ಅಪ್ಪಂಗೆ ಕೊಡು!"

"ಒಳಗಿದಾರೆ," ಎಂದಳು ಆಯಮ್ಮ.

"ಯಾವ ಒಳಗೆ?"

ಹೇಳಿದಳು. ಆಮೇಲೆ ಮಗಳು, "ಬರ್ತಿದೀನಿ," ಎಂದಳು.

"ಕೆಲ್ಸ?"

"ಕೆಲ್ಸಕ್ಕೆ ಬೆಂಕಿ ಬೀಳ್ಲಿ. ಅಜ್ಜಿಗೆ ನೀನು ಹೇಳ್ಬೇಡ. ನಾನು ಹೇಳ್ತೀನಿ."

ಗೋಡೆಯ ಗಡಿಯಾರದಲ್ಲಿ ಒಂದೂ ನಲವತ್ತು. ಬಾಗಿಲು ತೆರೆಯಲಿಲ್ಲ. ಒಬ್ಬ ನರ್ಸು ಓಡುತ್ತ ಒಳಗೆ ಹೋದಳು. ಆರೈಕೆ ಮನೆಯಲ್ಲಿ ನರ್ಸು ಓಡುವುದನ್ನು ಹನ್ನೊಂದು ವರ್ಷದಲ್ಲಿ ಆಯಮ್ಮ ಎಷ್ಟು ಸಲ ನೋಡಿದ್ದಳೋ, ಅಷ್ಟೂ ಸಲ ಏನಾಗಿತ್ತು ಎಂಬುದು ಒಟ್ಟಿಗೆ ನೆನಪಾಯಿತು. ಅಷ್ಟರಲ್ಲಿ ತೊಡೆಯ ಮೇಲೆ ಗಂಡನ ಫೋನು ನಡುಗಿತು. ಡಿಪೋ.

"ಎಲ್ಲಿದ್ದೀಯಯ್ಯಾ? ಗಾಡಿ ನಿಂತಿದೆ, ಜನ ಹತ್ತಿ ಕೂತವ್ರೆ."

"ಅವ್ರು ಬರಲ್ಲ," ಎಂದಳು ಆಯಮ್ಮ. "ನಾನು ಅವ್ರ ಮನೆಯೋಳು."

"ಬರಲ್ಲ ಅಂದ್ರೆ? ಮೊದ್ಲೇ ಹೇಳ್ಬೇಕು ತಾನೇ? ನಾಳೆಗಾದ್ರೂ ಹಾಕ್ಕೊಳ್ಳಾ ಅವ್ನ ಹೆಸ್ರು?"

ಬಾಗಿಲು ತೆರೆಯಿತು. ಬಿಳಿ ಕೋಟಿನ ಹೆಂಗಸೊಬ್ಬಳು ಅತ್ತಿತ್ತ ನೋಡಿ, "ಬಸ್ ಡ್ರೈವರ್ ಕಡೆಯೋರು ಯಾರು?" ಎಂದಳು. ಅವಳ ಮುಖದಲ್ಲಿ ಏನೂ ಓದಲು ಸಿಗಲಿಲ್ಲ.

"ಹಲೋ? ಹಾಕ್ಕೊಳ್ಳಾ ಬೇಡ್ವಾ? ಬಾಯ್ಬಿಟ್ಟು ಹೇಳಮ್ಮಾ!"

"ಬೇಡ," ಎಂದಳು ಆಯಮ್ಮ. "ನಾಳೇನೂ ಬೇಡ. ಹೆಸ್ರು ಹೊಡೆದ್ಹಾಕಿ."

ಫೋನು ಇಟ್ಟು ಎದ್ದಳು. ಅಂಗಿ ಮತ್ತು ಶೂಗಳನ್ನು ಎದೆಗೆ ಅವಚಿಕೊಂಡು ಆ ಬಾಗಿಲ ಕಡೆಗೆ ಹೆಜ್ಜೆ ಹಾಕಿದಳು.